ಒಂಬತ್ತನೆಯ ಕಾರಣ

ಶುಕ್ರವಾರ ಬೆಳಿಗ್ಗೆ ಬಾಣಂತಿ ವಾರ್ಡಿನಿಂದ ಹನ್ನೊಂದು ಫೈಲುಗಳು ಕೆಳಗಿಳಿದು ಬಂದವು. ಅವುಗಳಲ್ಲಿ ಅವನ ಹೆಂಡತಿಯದು ಇರಲಿಲ್ಲ. ಅವನು ಕಟ್ಟನ್ನು ಎರಡು ಸಲ ತಿರುವಿದ. ಮೊದಲ ಸಲ ತಿರುವಿದ್ದು ಕೆಲಸಕ್ಕಾಗಿ, ಎರಡನೆಯ ಸಲ ಯಾರೂ ನೋಡದಿದ್ದರೆ ಸಾಕು ಎಂದುಕೊಂಡು. ಎದುರು ಮೇಜಿನ ದೊಡ್ಡ ಗುಮಾಸ್ತರು ಕನ್ನಡಕದ ಮೇಲಿನಿಂದ ನೋಡಿ ಮತ್ತೆ ತಮ್ಮ ಕಾಗದಕ್ಕೆ ಬಗ್ಗಿದರು. ಅವರು ಏನಾದರೂ ಅಂದಿದ್ದರೇ ಚೆನ್ನಾಗಿತ್ತು ಎಂದು ಅವನಿಗೆ ಅನ್ನಿಸಿತು. ಇಪ್ಪತ್ತು ವರ್ಷದಿಂದ ಬಾಯಿಗೆ ಬೀಗ ಹಾಕದ ಮನುಷ್ಯ ಈ ಮೂರು ದಿನದಿಂದ ಅವನ ಮುಂದೆ ಮಾತ್ರ ಮಾತು ಅಳೆದು ಆಡುತ್ತಿದ್ದರು. ಕಿಟಕಿಯ ಹೊರಗೆ ಆಂಬುಲೆನ್ಸ್ ಹಿಂದಕ್ಕೆ ತೆಗೆಯುವ ಸದ್ದು ಬಂತು. ಅವನು ಮೊದಲ ಫೈಲು ತೆರೆದು ಪೆನ್ನಿನ ಮುಚ್ಚಳ ತೆಗೆದ.

ಈ ಹೆರಿಗೆ ಆಸ್ಪತ್ರೆಯಿಂದ ಮನೆಗೆ ಹೋದ ಪ್ರತಿ ತಾಯಿಯ ಫೈಲೂ ಅವನ ಕೈ ದಾಟಿಯೇ ಕಪಾಟು ಸೇರಬೇಕು. ಹೆರಿಗೆಯಾದ ಮೇಲೆ ಅವಳು ಎಷ್ಟು ದಿನ ಇದ್ದಳು ಎಂದು ಎಣಿಸಿ ರಿಜಿಸ್ಟರಿನಲ್ಲಿ ಬರೆಯುವುದು ಅವನ ಕೆಲಸ. ಸಹಜ ಹೆರಿಗೆಗೆ ಎರಡು ದಿನ, ಆಪರೇಷನ್ ಆದವರಿಗೆ ಐದು. ಅದಕ್ಕಿಂತ ಒಂದು ದಿನ ಹೆಚ್ಚಾದರೂ ಪಕ್ಕದ ಕಾಲಮ್ಮಿನಲ್ಲಿ ಕಾರಣದ ಅಂಕೆ ಬರೆಯಬೇಕು. ಅಂಕೆಗಳ ಪಟ್ಟಿ ಮೇಜಿನ ಗಾಜಿನ ಕೆಳಗೆ ಹಳದಿಯಾಗಿ ಕೂತಿತ್ತು: ಜ್ವರ, ರಕ್ತಸ್ರಾವ, ರಕ್ತದೊತ್ತಡ, ಮಗುವಿನ ಕಾಮಾಲೆ, ಹಾಲು ಇಳಿಯದಿರುವುದು. ಡಾಕ್ಟರು ಸಹಿ ಮಾಡದೆ ಹೊರಟುಹೋದದ್ದಕ್ಕೂ ಒಂದು ಅಂಕೆ ಇತ್ತು. ಎಲ್ಲಕ್ಕಿಂತ ಕೆಳಗೆ ಒಂಬತ್ತು, ಮನೆಯ ಕಾರಣ. ಮೈ ಹುಷಾರಾಗಿದ್ದರೂ ಮನೆಗೆ ಹೋಗಲು ಒಲ್ಲದವರು. ಈ ಅಂಕೆಯನ್ನು ಆಸ್ಪತ್ರೆಯ ನಗೆಚಾಟಿಕೆ ಮಾಡಿದವನು ಅವನೇ. ಕ್ಯಾಂಟೀನಿನಲ್ಲಿ ಒಮ್ಮೆ, "ಊಟ ಮಂಚದ ಹತ್ತಿರಕ್ಕೇ ಬರುತ್ತೆ, ಯಾರು ಬಿಟ್ಟು ಹೋಗ್ತಾರೆ? ಒಂಬತ್ತು ಹಾಕಿ, ಕಣ್ಣು ಮುಚ್ಚಿ ಹಾಕಿ" ಅಂದಿದ್ದ. ಎಲ್ಲರೂ ನಕ್ಕರು. ಅಂದಿನಿಂದ ವಾರ್ಡಿನ ಆಯಾಗಳ ಬಾಯಲ್ಲೂ ಅದೇ ಮಾತು: ಹದಿನಾಲ್ಕನೇ ಬೆಡ್ಡು ಒಂಬತ್ತಂತೆ, ಕಿಟಕಿ ಪಕ್ಕದ್ದು ಒಂಬತ್ತಂತೆ. ಹೊಸದಾಗಿ ಸೇರಿದ ಗುಮಾಸ್ತೆಗೆ ಅವನು ಗುಟ್ಟೊಂದನ್ನು ಕಲಿಸಿಕೊಟ್ಟಿದ್ದ. ನಿಜವಾದ ಕಾಯಿಲೆ ಒಂದೇ ಕಡೆ ಕೂತು ನೋಯುತ್ತದೆ. ಒಂದು ದಿನ ತಲೆ, ಮಾರನೆಯ ದಿನ ಹೊಟ್ಟೆ, ಆಮೇಲೆ ಇನ್ನೇನೋ ಎಂದು ಕೇಸ್‌ಶೀಟಿನಲ್ಲಿ ನೋವು ಓಡಾಡಿದರೆ ಒಂಬತ್ತು ಹಾಕು.

ಹೆಂಡತಿಗೆ ಕಳೆದ ಭಾನುವಾರ ಮಧ್ಯಾಹ್ನ ಹೆರಿಗೆಯಾಗಿತ್ತು. ಗಂಡು ಮಗು, ಸಹಜ ಹೆರಿಗೆ, ಎರಡೇ ಹೊಲಿಗೆ. ಮಂಗಳವಾರ ಮನೆಗೆ ಬರಬೇಕಾದವಳು ಮಂಗಳವಾರ ತಲೆಸುತ್ತು ಎಂದಳು. ಬುಧವಾರ ಹೊಲಿಗೆ ಉರಿ. ಗುರುವಾರ ಮಗು ಸರಿಯಾಗಿ ಹಾಲು ಕುಡಿಯುತ್ತಿಲ್ಲ. ಬುಧವಾರವೇ ಅವನಿಗೆ ತಿಳಿದುಹೋಗಿತ್ತು. ಒಂಬತ್ತು ವರ್ಷ ಇದನ್ನೇ ಓದಿದವನಿಗೆ ತಿಳಿಯದೆ ಇರುವುದು ಸಾಧ್ಯವೇ ಇರಲಿಲ್ಲ. ಆದರೂ ಸಂಜೆ ಮಂಚದ ಪಕ್ಕ ಸ್ಟೂಲಿನ ಮೇಲೆ ಕೂತು, ಮಗುವಿನ ಹಿಮ್ಮಡಿ ಹಿಡಿದುಕೊಂಡು, "ನಿಧಾನಕ್ಕೆ ಬಾ, ಆತುರ ಏನಿಲ್ಲ, ನಾನು ಇಲ್ಲಿಯವನೇ ಅಲ್ವಾ, ಬೆಡ್ಡು ಯಾರೂ ಕೇಳಲ್ಲ" ಅಂದ. ಹಾಗೆ ಅನ್ನುವಾಗ ಎಂಥ ದೊಡ್ಡ ಮನಸ್ಸಿನ ಗಂಡ ತಾನು ಎಂದು ಒಳಗೊಳಗೇ ಉಬ್ಬಿದ್ದ. ಹೆಂಡತಿ ಗೋಡೆಯ ಕಡೆ ತಿರುಗಿ ಮಲಗಿದಳು. ಮನೆಯಲ್ಲಿ ನಾಲ್ಕು ವರ್ಷದ ಮಗಳು ಕೆಳಮನೆಯಾಕೆಯ ಮಡಿಲಲ್ಲಿ ಕೂತು ದಿನಾ ಬೆಳಿಗ್ಗೆ ಅಮ್ಮ ಯಾವಾಗ ಬರ್ತಾಳೆ ಎಂದು ಕೇಳುತ್ತಿದ್ದಳು. ಎರಡು ದಿನ ಎಂದು ಅವನು ದಿನಾ ಹೇಳುತ್ತಿದ್ದ.

"ಭಾನುವಾರದ ಊಟ ಇದ್ದೇ ಇದೆ ತಾನೇ?" ದೊಡ್ಡ ಗುಮಾಸ್ತರು ತಲೆ ಎತ್ತದೆ ಕೇಳಿದರು. "ನಮ್ಮನೆಯವಳು ಕೇಳ್ತಿದ್ಲು. ಬಾಣಂತಿ ಇನ್ನೂ ಮನೆಗೇ ಬಂದಿಲ್ಲವಲ್ಲ ಅಂತ."

"ಇದೆ ಸಾರ್. ನಾಳೆ ಬಂದುಬಿಡ್ತಾಳೆ."

ಸೋಮವಾರ ಸಿಹಿ ಹಂಚುತ್ತಾ, ಬಾಯಿ ಜಾರಿ ಅಲ್ಲ, ಖುಷಿಯಿಂದಲೇ ಕರೆದಿದ್ದ. ಭಾನುವಾರ ಎಲ್ಲರೂ ಮನೆಗೆ ಬರಬೇಕು, ಮೊದಲನೇ ಸಲ ಬಂದ ಹಾಗೇ, ನಾನು ಬಿಡಲ್ಲ. ಮೊದಲನೇ ಸಲ ಎಂಬ ಮಾತು ತನ್ನ ಬಾಯಿಂದ ಬಂದದ್ದು ಅವನ ಕಿವಿಗೂ ಬಿದ್ದಿತ್ತು. ನಾಲಿಗೆಯ ಮೇಲೆ ಏನೋ ಕಹಿ ಸುಳಿದು ಹೋಯಿತು. ಅದನ್ನು ಸಿಹಿಯ ಜೊತೆಗೇ ನುಂಗಿದ. ನಾಲ್ಕು ವರ್ಷದ ಹಿಂದೆ ಮಗಳು ಹುಟ್ಟಿದಾಗ, ಇನ್ನೆರಡು ದಿನ ಇರಲಿ, ರಕ್ತ ಸ್ವಲ್ಪ ಹೆಚ್ಚು ಹೋಗುತ್ತಿದೆ ಎಂದು ಡಾಕ್ಟರಮ್ಮ ಹೇಳಿದ್ದರು. ಅವನೇ ಕೈಕಟ್ಟಿ ನಿಂತು, "ಬೇಡ ಮೇಡಂ, ದಿನ ಎಣಿಸೋನ ಹೆಂಡತಿಯೇ ಹೆಚ್ಚು ದಿನ ಇದ್ದರೆ ಜನ ಏನಂತಾರೆ" ಅಂದಿದ್ದ. ಡಾಕ್ಟರಮ್ಮ ನಕ್ಕು ಅವನ ಬೆನ್ನು ತಟ್ಟಿದರು. ಗಂಡನ ಕೋರಿಕೆಯ ಮೇರೆಗೆ ಎಂದು ಬರೆದ ಜಾಗದಲ್ಲಿ ಅವನು ಚೆಂದದ ಸಹಿ ಹಾಕಿದ. ಆ ಬೆನ್ನು ತಟ್ಟಿದ ಬಿಸಿ ಎರಡು ದಿನ ಇತ್ತು. ಹೆಂಡತಿಗೆ ಇದು ಗೊತ್ತೇ ಇಲ್ಲ ಎಂದು ಅವನು ನಂಬಿಕೊಂಡಿದ್ದ. ಡಿಸ್ಚಾರ್ಜ್ ಚೀಟಿಯ ಒಂದು ಪ್ರತಿ ಅವಳ ಸೀರೆಗಳ ಕೆಳಗೇ ಇದ್ದರೂ.

ಮೇಜಿನ ಫೋನು ಬಡಿದುಕೊಂಡಿತು. ಬಾಣಂತಿ ವಾರ್ಡಿನ ಹಿರಿಯ ಸಿಸ್ಟರ್. "ದಿನದ ಗುಮಾಸ್ತರಾ? ಸ್ವಲ್ಪ ಮೇಲೆ ಬಂದು ಹೋಗಿ" ಎಂದಷ್ಟೇ ಹೇಳಿ ಇಟ್ಟರು. ಆಸ್ಪತ್ರೆಯವರೆಲ್ಲ ಅವನನ್ನು ಕರೆಯುವುದು ಹಾಗೇ. ಇವತ್ತು ಯಾಕೋ ಅದು ಬೈದ ಹಾಗೆ ಕೇಳಿಸಿತು.

ಲಿಫ್ಟು ಬಿಟ್ಟು ಮೆಟ್ಟಿಲು ಹತ್ತಿದ, ಸ್ವಲ್ಪ ಹೊತ್ತಾದರೂ ಸಿಗಲಿ ಎಂದು. ಎರಡನೆಯ ಮಹಡಿಯ ತಿರುವಿನಲ್ಲಿ ನೆಲ ಒರೆಸಿದ ವಾಸನೆ ಮೂಗಿಗೆ ಬಡಿಯಿತು, ಒದ್ದೆ ನೆಲದ ಅಂಚಿನಲ್ಲಿ ಅವನ ಕಾಲು ತಾನಾಗಿಯೇ ನಿಂತಿತು. ಮಗಳು ಹುಟ್ಟಿದಾಗ ಮನೆಗೆ ಎಲ್ಲರನ್ನೂ ಊಟಕ್ಕೆ ಕರೆದ ದಿನವೂ ನೆಲ ಒರೆಸಿ ಹೊಳೆಯುತ್ತಿತ್ತು. ಏಳು ಜನ ಬಂದಿದ್ದರು. ಜಾಗ ಸಾಲದೆ ಮೇಜು ಸರಿಸಿ ಕೆಳಗೇ ಸಾಲಾಗಿ ಕೂತಿದ್ದರು. ಅವನು ಆಸ್ಪತ್ರೆಯ ಕಥೆ ಹೇಳುತ್ತಿದ್ದ, ಒಂಬತ್ತರ ಕಥೆಯನ್ನೇ. ಹೆಂಡತಿ ಅಡುಗೆಮನೆಯ ಬಾಗಿಲಿನಲ್ಲಿ ಬಡಿಸುವ ಪಾತ್ರೆ ಹಿಡಿದು ಬಂದು ನಿಂತಳು. ಹೆರಿಗೆಯಾಗಿ ಐದನೇ ದಿನ. ಅವಳ ಮುಖ ಬಿಳಿಚಿಕೊಂಡಿತ್ತು, ಒಲೆಯ ಮುಂದೆ ನಿಂತು ಬಂದವಳಲ್ಲವೇ ಎಂದುಕೊಂಡ. ಆಮೇಲೆ ಅವನ ಕಣ್ಣು ಕೆಳಗೆ ಹೋಯಿತು. ಅವಳ ಎಡಗಾಲಿನ ಹಿಮ್ಮಡಿಯ ಪಕ್ಕ, ಹೊಳೆಯುವ ನೆಲದ ಮೇಲೆ, ಅಂಗೈಯಗಲ ರಕ್ತ. ಅದು ಅವನ ಕಣ್ಣೆದುರೇ ಅಗಲವಾಯಿತು. ಅವಳು ಅವನನ್ನು ನೋಡಿದಳು. ಏಳಬೇಕು, ಪಾತ್ರೆ ತೆಗೆದುಕೊಳ್ಳಬೇಕು, ಅವಳನ್ನು ಮಲಗಿಸಬೇಕು ಎಂದೆಲ್ಲ ಮನಸ್ಸು ಹೇಳಿತು, ಆದರೆ ಕಥೆ ಅರ್ಧದಲ್ಲಿತ್ತು, ಎಲ್ಲರೂ ನಗುವುದಕ್ಕೆ ತಯಾರಾಗಿದ್ದರು. ಅವನು ಎದ್ದ, ನಿಜ. ಎದ್ದು ಬಾಗಿಲ ಬಳಿಯ ಕಾಲೊರಸನ್ನು ಪಾದದಿಂದ ಎಳೆದು ಆ ಕಲೆಯ ಮೇಲೆ ಸರಿಸಿ, ಕಾಲಿನಿಂದಲೇ ಒಂದು ಸಲ ಒತ್ತಿ, "ನೀರು ಚೆಲ್ಲಿದೆ, ಜಾರೀತು" ಎಂದ. ಆಮೇಲೆ ವಾಪಸು ಬಂದು ಕೂತು ಕಥೆ ಮುಗಿಸಿದ. ಎಲ್ಲರೂ ನಕ್ಕರು. ಹೆಂಡತಿ ಬಡಿಸಿ ಮುಗಿಸಿದಳು. ಅವರೆಲ್ಲ ಹೋದ ಮೇಲೆ ಆಟೋ ಹಿಡಿದು ಅವಳನ್ನು ಮತ್ತೆ ಆಸ್ಪತ್ರೆಗೆ ಕರೆದುಕೊಂಡು ಹೋದ. ಮೂರು ದಿನ ಇಟ್ಟುಕೊಂಡರು. ಆ ಮೂರು ದಿನ ಬೇರೆ ದಾಖಲಾತಿ, ಬೇರೆ ರಿಜಿಸ್ಟರು. ಅವನ ರಿಜಿಸ್ಟರಿನಲ್ಲಿ ಮಗಳ ಹೆರಿಗೆಯ ಮುಂದೆ ಇವತ್ತಿಗೂ ಎರಡು ಎಂದೇ ಇದೆ, ಕಾರಣದ ಕಾಲಮ್ಮು ಖಾಲಿ. ಗಂಡ ಹೆಂಡತಿ ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ. ಕಾಲೊರಸು ಒಗೆದು, ಒಣಗಿ, ಮತ್ತೆ ತನ್ನ ಜಾಗಕ್ಕೆ ಬಂತು. ಅವತ್ತಿನಿಂದ ಅವನು ಅದನ್ನು ತುಳಿದಿರಲಿಲ್ಲ. ದಾಟಿಕೊಂಡು ಓಡಾಡುವುದು ಅಭ್ಯಾಸವಾಗಿ, ತಾನು ದಾಟುತ್ತಿದ್ದೇನೆ ಎನ್ನುವುದೇ ಮರೆತಿತ್ತು. ಇವತ್ತು ಬೆಳಿಗ್ಗೆ ಮಾತ್ರ ನೆನಪಾಯಿತು, ಒಂದು ಕಾಲು ಗಾಳಿಯಲ್ಲಿದ್ದಾಗ.

ಮೇಲೆ ವಾರ್ಡಿನ ಹೊರಗಿನ ಓಣಿಯಲ್ಲಿ ಒಂದು ಸ್ಟ್ರೆಚರ್ ಗೋಡೆಗೆ ಒತ್ತಿ ನಿಂತಿತ್ತು. ಅದರ ಮೇಲೆ ಚಿಕ್ಕ ವಯಸ್ಸಿನ ಹೆಂಗಸೊಬ್ಬಳು ಮಗುವನ್ನು ಎದೆಗೆ ಅವುಚಿಕೊಂಡು ಮಲಗಿದ್ದಳು. ತಲೆಯ ಪಕ್ಕ ಅವಳ ಚಪ್ಪಲಿಗಳು ಪ್ಲಾಸ್ಟಿಕ್ ಚೀಲದಲ್ಲಿದ್ದವು, ಯಾರಾದರೂ ಕದ್ದಾರೆಂದು ಒಂದು ಕೈ ಅದರ ಮೇಲಿತ್ತು. ಹೋಗಿ ಬರುವವರು ತಗುಲಿದಾಗಲೆಲ್ಲ ಸ್ಟ್ರೆಚರಿನ ಚಕ್ರ ಕೊಂಚ ಹೊರಳುತ್ತಿತ್ತು, ಅವಳು ಕಣ್ಣು ಬಿಟ್ಟು ಮುಚ್ಚುತ್ತಿದ್ದಳು. ಬಾಗಿಲಿನಲ್ಲಿ ನಿಂತಿದ್ದ ಇಬ್ಬರು ಆಯಾಗಳಲ್ಲಿ ಒಬ್ಬಳು ಇನ್ನೊಬ್ಬಳಿಗೆ, "ಆ ಮೂಲೆ ಒಂಬತ್ತು ಎದ್ದರೆ..." ಎಂದವಳು ಅವನನ್ನು ನೋಡಿ ಬಾಯಿ ಮುಚ್ಚಿದಳು. ಇನ್ನೊಬ್ಬಳು ಬಕೆಟ್ಟಿನೊಳಗೆ ಏನೋ ಹುಡುಕತೊಡಗಿದಳು. ಅವನು ತಲೆ ತಗ್ಗಿಸಿ ಒಳಗೆ ನಡೆದ. ತಾನೇ ಕಾಯಿಸಿ ಅಚ್ಚು ಹಾಕಿದ ಮಾತು. ಬೇರೆ ಯಾರದೋ ಹೆಂಡತಿಯ ಮೇಲೆ ಬಿದ್ದಾಗ ಎಷ್ಟು ಹಗುರವಾಗಿತ್ತು.

ಸಿಸ್ಟರ್ ಕೇಸ್‌ಶೀಟನ್ನು ಅವನ ಕಡೆ ತಿರುಗಿಸಿ ಇಟ್ಟರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಕಷ್ಟವಾಯಿತು. "ನೋಡಿ, ಜ್ವರ ಇಲ್ಲ. ಹೊಲಿಗೆ ಒಣಗಿದೆ. ಮಗು ತೂಕ ಹೆಚ್ಚಿದೆ. ಹಾಲು ಕುಡಿಯಲ್ಲ ಅಂತಾರೆ, ನಾನೇ ನಿಂತು ನೋಡಿದೆ, ಚೆನ್ನಾಗಿ ಕುಡೀತಾನೆ. ನಿಮ್ಮ ಮುಖ ನೋಡಿ ಮೂರು ದಿನ ಸುಮ್ಮನಿದ್ದೆ. ಹೊರಗೆ ಮಲಗಿದಾಳಲ್ಲ, ಬೆಳಗಿನ ಜಾವ ಹೆರಿಗೆ ಆಗಿರೋದು. ಬೆಡ್ಡಿಲ್ಲ."

"ಕರೆದುಕೊಂಡು ಹೋಗ್ತೀನಿ ಸಿಸ್ಟರ್. ಈಗಲೇ."

"ಹಾಗಲ್ಲ. ಸೋಮವಾರ ಹೋಗ್ತೀನಿ ಅಂತಾರೆ ಅವರು. ನಿನ್ನೆಯಿಂದ ಅದೊಂದೇ ಮಾತು. ಸೋಮವಾರ ಯಾಕೆ ಅಂತ ನಾನು ಕೇಳಲಿಲ್ಲ. ನೀವು ಕೇಳಿ."

ಕೇಳುವ ಅಗತ್ಯವಿರಲಿಲ್ಲ. ಸಿಸ್ಟರ್ ಮೇಜಿನಿಂದ ಮೂಲೆಯ ಮಂಚಕ್ಕೆ ಹದಿನೆಂಟು ಹೆಜ್ಜೆ. ಅಷ್ಟರಲ್ಲಿ ಅವನು ಸೋಮವಾರದಿಂದ ಹಿಂದಕ್ಕೆ ಎಣಿಸಿಕೊಂಡು ಭಾನುವಾರಕ್ಕೆ ಬಂದು ನಿಂತಿದ್ದ. ಹೆಂಡತಿ ಗೋಡೆಗೆ ಒರಗಿ ಕೂತಿದ್ದಳು, ಮಗು ತೊಡೆಯ ಮೇಲೆ ನಿದ್ದೆ ಮಾಡುತ್ತಿತ್ತು. ಪಕ್ಕದ ಬಾಣಂತಿಯರು ಮಾತು ನಿಲ್ಲಿಸಿದರು. ಅವನು ಸ್ಟೂಲು ಎಳೆದುಕೊಂಡು ಕೂತ, ಸ್ಟೂಲು ಕಿರ್ರೆಂದದ್ದು ವಾರ್ಡಿಗೆಲ್ಲ ಕೇಳಿಸಿತು.

"ಭಾನುವಾರ ಊಟಕ್ಕೆ ಕರೆದಿದ್ದು ನಿನಗೆ ಯಾರು ಹೇಳಿದ್ರು?" ಎಂದ, ತಗ್ಗಿದ ದನಿಯಲ್ಲಿ.

"ಆಯಾ ಹೇಳಿದ್ಲು. ಖುಷಿಯಿಂದ್ಲೇ ಹೇಳಿದ್ಲು. ಅವಳನ್ನೂ ಕರೆದಿದ್ದೀರಂತಲ್ಲ."

"ನನಗೆ ಹೇಳಬಹುದಿತ್ತಲ್ಲೇ ನೀನು. ಬೇಡ ಅಂದಿದ್ದರೆ ಮುಗೀತಿತ್ತು."

ಅವಳು ಮಗುವಿನ ಟೋಪಿ ಸರಿ ಮಾಡಿದಳು. ಬಹಳ ಹೊತ್ತು ಸರಿ ಮಾಡಿದಳು. ಆಮೇಲೆ ಕೇಳಿದಳು, "ಆ ಕಾಲೊರಸು ಇನ್ನೂ ಅಲ್ಲೇ ಇದೆಯಾ?"

ನಾಲ್ಕು ವರ್ಷ ಅವನು ಒಂದು ಲೆಕ್ಕಾಚಾರದ ಮೇಲೆ ಬದುಕಿದ್ದ: ಅವಳಿಗೆ ಅವತ್ತು ತಲೆ ಸುತ್ತುತ್ತಿತ್ತು, ಅವನ ಕಾಲು ಮಾಡಿದ್ದನ್ನು ಅವಳು ನೋಡಿರಲಾರಳು, ನೋಡಿದ್ದರೂ ಮರೆತಿರಬೇಕು. ಕೆಲವು ಸಲ ಇನ್ನೂ ಕೀಳಾದ ಯೋಚನೆಯೂ ಬಂದಿತ್ತು. ಅವಳ ಮಾನ ಮುಚ್ಚುವುದಕ್ಕೇ ಹಾಗೆ ಮಾಡಿದೆ, ನಾಲ್ಕು ಜನರ ಎದುರು ಹೆಂಗಸಿಗೆ ಅವಮಾನವಾಗಬಾರದಲ್ಲ, ಎಂದು. ಆ ಮಾತನ್ನು ಎಂದಾದರೂ ಕೇಳಿದರೆ ಹೇಳೋಣವೆಂದು ಜೋಪಾನವಾಗಿ ಇಟ್ಟುಕೊಂಡಿದ್ದ. ಈಗ ಅವಳು ಕೇಳಿದ್ದಾಳೆ, ಮಾತು ಬಾಯಿಯವರೆಗೂ ಬಂದಿದೆ, ಆದರೆ ಅದನ್ನು ಆಡಿದರೆ ತನ್ನ ಮುಖ ತನಗೇ ನೋಡಲಾಗುವುದಿಲ್ಲ ಎಂದು ಅವನಿಗೆ ಖಚಿತವಾಗಿ ತಿಳಿಯಿತು. ಮುಚ್ಚಿದ್ದು ತನ್ನ ಮಾನವನ್ನು. ಏಳು ಜನ ನಗುವ ಆ ಒಂದು ಗಳಿಗೆಯನ್ನು.

"ಇದೆ" ಅಂದ. "ಇವತ್ತೇ ತೆಗೆದು ಬಿಸಾಕ್ತೀನಿ."

"ಬಿಸಾಕೋದಾಗಿದ್ರೆ ನಾನೇ ಬಿಸಾಕ್ತಿದ್ದೆ. ನಾಲ್ಕು ವರ್ಷ ಅದನ್ನ ಒಗೆದವಳು ನಾನು. ನೀವು ದಾಟಿಕೊಂಡು ಹೋಗೋದನ್ನ ನೋಡ್ತಿದ್ದೆ. ಇವತ್ತು ಹೇಳ್ತಾರೆ, ನಾಳೆ ಹೇಳ್ತಾರೆ ಅಂತ."

"ಊಟ ಬೇಡ. ಈಗಲೇ ಹೋಗಿ ಎಲ್ಲರಿಗೂ ಹೇಳಿಬಿಡ್ತೀನಿ. ಮಗುಗೆ ಹುಷಾರಿಲ್ಲ ಅಂತ."

"ಮಗು ಚೆನ್ನಾಗಿದಾನೆ."

"ಸರಿ, ನಿನಗೆ ಸುಸ್ತು ಅಂತ."

"ನಾನೂ ಚೆನ್ನಾಗಿದೀನಿ" ಎಂದಳು. ಈ ಮೂರು ದಿನದಲ್ಲಿ ಮೊದಲ ಸಲ ಅವಳು ನಿಜ ಹೇಳಿದ್ದಳು, ಅದೂ ವಾರ್ಡಿನ ಅರ್ಧಕ್ಕೆ ಕೇಳುವ ಹಾಗೆ. ಅವನು ಪಕ್ಕದ ಮಂಚಗಳ ಕಡೆ ನೋಡದೆ ಕೂತ. ಅವಳು ಬಾಗಿಲಿನ ಆಚೆ ಓಣಿಯನ್ನು ನೋಡುತ್ತಿದ್ದಳು. ಅಲ್ಲಿಂದ ಸ್ಟ್ರೆಚರಿನ ಒಂದು ಚಕ್ರ, ನೇತಾಡುವ ಹೊದಿಕೆಯ ತುದಿ ಕಾಣುತ್ತಿತ್ತು. "ಅವಳನ್ನ ಬೆಳಗಿನಿಂದ ನೋಡ್ತಿದೀನಿ. ನನ್ನಿಂದಾಗಿ ಅಲ್ಲಿದಾಳೆ. ನಾಚಿಕೆ ಆಗುತ್ತೆ ನನಗೆ." ಕಾಲು ಕೆಳಗಿಟ್ಟು, ಚಪ್ಪಲಿ ಹುಡುಕಿ, ಒಂದೊಂದೇ ಬಟ್ಟೆ ಚೀಲಕ್ಕೆ ತುಂಬಿದಳು. ಅವನು ಕೈ ಹಾಕಿದಾಗ ಬೇಡ ಎಂದಳು. "ಈ ಬೆಡ್ಡು ಅವಳಿಗೆ ಕೊಡಿ ಅಂತ ಸಿಸ್ಟರಿಗೆ ಹೇಳ್ತೀನಿ. ಹೊರಗೆ ಬೆಂಚಿದೆ, ಅಲ್ಲಿ ಕೂತಿರ್ತೀನಿ. ನೀವು ಕೆಳಗೆ ಹೋಗಿ ಬನ್ನಿ."

"ಏನಂತ ಹೇಳಲಿ?"

"ಯಾಕೆ ಬೇಡ ಅನ್ನೋದನ್ನ ಹೇಳಿ. ಆಮೇಲೆ ಮನೆಗೆ ಹೋಗೋಣ. ಹೇಳೋಕಾಗಲ್ಲ ಅಂದ್ರೆ ಅದನ್ನೂ ಬಂದು ಹೇಳಿ. ನಾನು ಬೇರೆ ಎಲ್ಲಾದ್ರೂ ಹೋಗ್ತೀನಿ." ಸಿಟ್ಟಿನಿಂದ ಹೇಳಿದ್ದರೆ ಅವನು ಸಮಾಧಾನ ಮಾಡಬಹುದಿತ್ತು. ಅವಳು ಬಸ್ಸಿನ ಸಮಯ ಹೇಳುವವಳ ಹಾಗೆ ಹೇಳಿದಳು.

ಇಳಿಯುವಾಗ ಮೆಟ್ಟಿಲುಗಳು ಕಡಿಮೆಯಾದಂತೆ ಅನ್ನಿಸಿತು. ಏನು ಹೇಳಬೇಕೆಂದು ಜೋಡಿಸಿಕೊಳ್ಳುವುದರೊಳಗೆ ರೆಕಾರ್ಡು ರೂಮಿನ ಬಾಗಿಲು ಬಂದುಬಿಟ್ಟಿತು. ದೊಡ್ಡ ಗುಮಾಸ್ತರಿದ್ದರು, ಟೈಪಿಸ್ಟ್ ಅಕ್ಕ ಇದ್ದರು, ಲ್ಯಾಬಿನವನು ಯಾವುದೋ ಫೈಲಿಗೆಂದು ಬಂದು ಮೇಜಿಗೆ ಒರಗಿ ನಿಂತಿದ್ದ. ಮೂವರೂ ಅವತ್ತು ಬಂದವರು. ಹೊಸ ಗುಮಾಸ್ತೆಯೂ ಇದ್ದಳು, ಅವಳ ಎದುರು ಬೇಡ, ಅವಳು ಚಹಾಕ್ಕೆ ಹೋದ ಮೇಲೆ ಹೇಳೋಣ ಎಂದು ಒಂದು ಮನಸ್ಸು ಎಳೆಯಿತು. ಮೇಲೆ ಬೆಂಚಿನ ಮೇಲೆ ಹೆಂಡತಿ ಕೂತಿದ್ದಾಳೆ. ಅವನು ತನ್ನ ಕುರ್ಚಿಗೆ ಹೋಗಲಿಲ್ಲ, ಬಾಗಿಲ ಬಳಿಯೇ ನಿಂತ.

"ಏನಯ್ಯ, ಡಿಸ್ಚಾರ್ಜ್ ಆಯ್ತಾ?" ದೊಡ್ಡ ಗುಮಾಸ್ತರು ಕೇಳಿದರು. "ಯಾವ ಅಂಕೆ?"

"ಒಂಬತ್ತು ಸಾರ್."

ಲ್ಯಾಬಿನವನು ರೂಢಿಯಿಂದ ನಕ್ಕ. ಆಮೇಲೆ ಸುತ್ತ ನೋಡಿ ನಿಲ್ಲಿಸಿದ.

"ಭಾನುವಾರ ಊಟ ಇಲ್ಲ" ಎಂದ ಅವನು. "ಹುಷಾರಿಲ್ಲ ಅಂತಲ್ಲ. ಇಬ್ಬರೂ ಚೆನ್ನಾಗಿದಾರೆ. ಮೊದಲನೇ ಸಲ ನೀವು ಬಂದಾಗ ಅವಳಿಗೆ ರಕ್ತ ಹೋಗ್ತಿತ್ತು. ನೆಲದ ಮೇಲೆ ಬಿದ್ದಿತ್ತು. ನಾನು ನೋಡಿದೆ. ನೋಡಿ, ಕಾಲೊರಸು ಎಳೆದು ಮುಚ್ಚಿ, ನೀರು ಅಂದೆ. ಅದು ನೀರಲ್ಲ. ಅವಳ ಕೈಯಲ್ಲೇ ಊಟ ಪೂರ್ತಿ ಬಡಿಸೋ ಹಾಗೆ ಮಾಡಿದೆ. ಅದಕ್ಕೇ ಅವಳು ಮನೆಗೆ ಬರ್ತಿಲ್ಲ."

ಹೇಳಿ ಮುಗಿಯಿತು. ಇಷ್ಟೇ ಇಷ್ಟು ಮಾತು. ಈಗ ಅವರು ಛೀ ಅನ್ನುತ್ತಾರೆ, ಅನ್ನಲಿ, ಎಂದು ಕಾದ. ಒಂದು ರೀತಿಯಲ್ಲಿ ಅದಕ್ಕಾಗಿ ಆಸೆಪಟ್ಟ. ಛೀಮಾರಿ ಹಾಕಿಸಿಕೊಂಡು ಮೇಲೆ ಹೋದರೆ ಹೆಂಡತಿಯ ಎದುರು ನಿಲ್ಲುವುದು ಸುಲಭ. ಟೈಪಿಸ್ಟ್ ಅಕ್ಕ ಕೀಲಿಮಣೆಯ ಮೇಲಿನ ಬೆರಳುಗಳನ್ನು ನೋಡುತ್ತಿದ್ದರು. ದೊಡ್ಡ ಗುಮಾಸ್ತರು ಕನ್ನಡಕ ತೆಗೆದು ಅಂಗಿಯ ಅಂಚಿನಲ್ಲಿ ಒರೆಸಿದರು, ಮತ್ತೆ ಹಾಕಿಕೊಂಡರು, ಮತ್ತೆ ತೆಗೆದರು.

"ನಮಗೆಲ್ಲ ಕಾಣಿಸಿತ್ತು ಕಣಯ್ಯ" ಎಂದರು. "ನಾನು ಕೂತಿದ್ದೇ ಬಾಗಿಲಿನ ಎದುರಿಗೆ. ನೀನು ಮುಚ್ಚೋಕೆ ಮೊದಲೇ ನೋಡಿದ್ದೆ. ನೀನು ನೀರು ಅಂದೆ. ಸರಿ, ಮನೆಯವನೇ ನೀರು ಅಂದ ಮೇಲೆ ನಾವೇನು ಹೇಳೋದು ಅಂತ ಸುಮ್ಮನಾದ್ವಿ."

"ಕೈ ತೊಳೆಯೋಕೆ ಹೋಗ್ವಾಗ ನಾನು ಅದನ್ನ ದಾಟಿಕೊಂಡೇ ಹೋದೆ" ಎಂದರು ಟೈಪಿಸ್ಟ್ ಅಕ್ಕ. "ಎರಡು ಮಕ್ಕಳನ್ನ ಹೆತ್ತಿದೀನಿ ನಾನು. ಎದ್ದು ಪಾತ್ರೆ ಇಸ್ಕೊಬಹುದಿತ್ತು." ಲ್ಯಾಬಿನವನು ತನ್ನ ಫೈಲು ಕೇಳುವುದನ್ನೂ ಮರೆತು ಹೊರಗೆ ಹೋದ. ಹೊಸ ಗುಮಾಸ್ತೆ ಗಾಜಿನ ಕೆಳಗಿನ ಪಟ್ಟಿಯ ಮೇಲೆ ಕಣ್ಣು ನೆಟ್ಟು ಕೂತಿದ್ದಳು. ನಾಲ್ಕು ವರ್ಷ ಅವನು ಕಾಲು ಎತ್ತಿ ದಾಟಿದ್ದು ಯಾರಿಂದ ಏನನ್ನು ಮುಚ್ಚಿಡಲು? ಅವತ್ತು ಆ ಕೋಣೆಯಲ್ಲಿ ನೀರು ಎಂಬ ಮಾತನ್ನು ನಂಬಿದವರು ಒಬ್ಬರೂ ಇರಲಿಲ್ಲ. ಆದರೂ ಎಲ್ಲರೂ ಊಟ ಮಾಡಿದ್ದರು, ಊಟ ಚೆನ್ನಾಗಿತ್ತು ಎಂದು ಹೇಳಿ ಹೋಗಿದ್ದರು.

ಮತ್ತೆ ಮೇಲೆ ಹತ್ತಿದ. ಓಣಿಯಲ್ಲಿ ಸ್ಟ್ರೆಚರ್ ಖಾಲಿಯಾಗಿತ್ತು; ಮೂಲೆಯ ಮಂಚದ ಮೇಲೆ ಆ ಚಿಕ್ಕ ಹೆಂಗಸು ಆಗಲೇ ನಿದ್ದೆ ಹೋಗಿದ್ದಳು, ಚಪ್ಪಲಿಯ ಚೀಲ ಮಂಚದ ಕೆಳಗಿತ್ತು. ಹೆಂಡತಿ ಬೆಂಚಿನ ತುದಿಯಲ್ಲಿ ಕೂತಿದ್ದಳು. ತೋಳಲ್ಲಿ ಮಗು, ಕಾಲ ಬಳಿ ಚೀಲ. ಅವನು ಪಕ್ಕದಲ್ಲಿ ಕೂರಲಿಲ್ಲ. ಅವಳೇ ಕೇಳಿದಳು.

"ಏನಂದ್ರು?"

"ಅವತ್ತೇ ಎಲ್ಲರಿಗೂ ಗೊತ್ತಿತ್ತಂತೆ."

ಅವಳಿಗೆ ಆಶ್ಚರ್ಯವಾಗಲಿಲ್ಲ. ಒಂದು ಕ್ಷಣ ಅವನನ್ನು ನೋಡಿದಳು, ತಿಳಿಯದವನನ್ನು ನೋಡುವ ಹಾಗೆ, ಸ್ವಲ್ಪ ಕನಿಕರದಿಂದಲೇ. "ನನಗೆ ಗೊತ್ತು" ಎಂದಳು. "ಬಡಿಸಿದ್ದು ನಾನೇ ಅಲ್ವಾ. ಎರಡನೇ ಸಲ ಸಾಲಿನಲ್ಲಿ ಬಂದಾಗ, ಬೇಕಾ ಅಂತ ಒಬ್ಬೊಬ್ಬರನ್ನೂ ಕೇಳಿದೆ. ಒಬ್ಬರೂ ತಲೆ ಎತ್ತಲಿಲ್ಲ."

ಅವನು ಎರಡು ಕೈ ಮುಂದೆ ಚಾಚಿದ, ಮಗುವಿಗಾಗಿ. ಅವಳು ಆ ಕೈಗಳನ್ನು ನೋಡಿದಳು. ಬೆಂಚು ಹಿಡಿದು ನಿಧಾನವಾಗಿ ಎದ್ದಳು, ಮಗುವನ್ನು ಹೆಗಲಿಗೆ ಹಾಕಿಕೊಂಡಳು. ಕಾಲ ಬಳಿಯ ಚೀಲವನ್ನು ಎತ್ತಿ ಅವನ ಕೈಗೆ ಕೊಟ್ಟು, ಮೆಟ್ಟಿಲಿನ ಕಡೆ ನಡೆದಳು.